ಕನ್ನಡದ ಗುಂಡಿ ಒತ್ತಿದ ಮೇಲೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಪ್ರೋಗ್ರಾಮರ್‌ಗಳ ಎದುರು ಆಡಿದ ಮಾತುಗಳ ಬರಹ ರೂಪ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಿಂದ ಮಾತು ಶುರುಮಾಡುತ್ತೇನೆ. ವೆಬ್ ತಂತ್ರಾಂಶವೊಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸರಿಯಾಗಿ ಮಾತಾಡುವಂತೆ ಮಾಡುವುದು ಇವತ್ತಿನ ವಿಷಯ. ಅದನ್ನು ಬರೆಯುವ ಪ್ರೋಗ್ರಾಮಿಂಗ್ ಭಾಷೆ ಜಾವಾ ಸ್ವಲ್ಪ ಹೊತ್ತು ಹೊರಗೆ ಕಾಯಲಿ.

ಮೆಣಸಿನಕಾಯಿಯ ಸುಗ್ಗಿ. ಮಾರುಕಟ್ಟೆಯ ಘಾಟಿಗೆ ಹೊಸಬರ ಮೂಗು, ಕಣ್ಣು ಎರಡೂ ಸುರಿಯುವ ದಿನಗಳು. ಆ ಅಂಗಡಿಗೆ ನಾವು ಮೂವರು ಗೆಳೆಯರು ಸೇರಿ ಒಂದು ವೆಬ್ ತಂತ್ರಾಂಶ ಬರೆದುಕೊಟ್ಟಿದ್ದೆವು. ಯಾವ ರೈತರದು ಎಷ್ಟು ಚೀಲ ಬಂತು, ಕಾಯಿಯ ಜಾತಿ ಡಬ್ಬಿಯೋ ಕಡ್ಡಿಯೋ, ತೂಕ ಎಷ್ಟು, ಧಾರಣೆ ಎಲ್ಲಿಗೆ ನಿಂತಿತು, ಹಮಾಲಿ ಎಷ್ಟು ಕಳೆಯಬೇಕು, ಕೊನೆಗೆ ರೈತರ ಕೈಗೆ ಕೊಡುವ ಪಟ್ಟಿ. ಇಷ್ಟೇ ಅದರ ಕೆಲಸ. ಪರದೆಯ ಬಲಮೂಲೆಯಲ್ಲಿ ಎರಡು ಗುಂಡಿಗಳಿದ್ದವು, ಒಂದರ ಮೇಲೆ ಕನ್ನಡ, ಇನ್ನೊಂದರ ಮೇಲೆ ಇಂಗ್ಲಿಷ್. ಉಳಿದ ತಂತ್ರಾಂಶಕ್ಕಿಂತ ಆ ಎರಡು ಗುಂಡಿಗಳ ಮೇಲೆಯೇ ನಮಗೆ ಹೆಚ್ಚು ಹೆಮ್ಮೆ.

ಗುಮಾಸ್ತರು ಒಂದೇ ಪುಟದಲ್ಲಿ ಮೂವತ್ತೆಂಟು ಲಾಟ್‌ಗಳ ಲೆಕ್ಕ ತುಂಬಿದ್ದರು. ಕೊನೆಯ ಕಾಲಂನ ತಲೆಬರಹ ಇಂಗ್ಲಿಷಿನಲ್ಲಿತ್ತು, ಅರ್ಥವಾಗಲಿಲ್ಲ. ಏನಿದೆ ನೋಡೋಣವೆಂದು ಕನ್ನಡದ ಗುಂಡಿ ಒತ್ತಿದರು. ಪುಟ ಕನ್ನಡದಲ್ಲಿ ಬಂತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಮೂವತ್ತೆಂಟು ಸಾಲುಗಳೂ ಖಾಲಿ. ಅವರು ಬೈಯಲಿಲ್ಲ. "ಸರ್, ಭಾಷೆ ಬಂತು, ಲೆಕ್ಕ ಹೋಯಿತು" ಎಂದರು, ಅಷ್ಟೇ. ಮತ್ತೆ ಮೊದಲಿನಿಂದ ತುಂಬಿದರು, ಇಂಗ್ಲಿಷಿನಲ್ಲೇ. ಆಮೇಲೆ ಎಷ್ಟೋ ತಿಂಗಳು ಆ ಗುಂಡಿಯ ಹತ್ತಿರ ಅವರ ಕೈ ಹೋಗಲಿಲ್ಲ.

ಈ ಸಂಗತಿ ನನ್ನನ್ನು ಬಹಳ ಕಾಡಿತು. ಗುಂಡಿ ಕೂರಿಸುವುದು ಅರ್ಧ ದಿನದ ಕೆಲಸ. ಒಮ್ಮೆ ಒತ್ತಿದವರು ಮರಳಿ ಇಂಗ್ಲಿಷಿಗೆ ಓಡದಂತೆ ನೋಡಿಕೊಳ್ಳುವುದೇ ಉಳಿದ ಕೆಲಸವೆಲ್ಲ. ನಮ್ಮ ಕಡೆಯ ಜನ ಕನ್ನಡದ ಗುಂಡಿಗೆ ಒಂದೇ ಅವಕಾಶ ಕೊಡುತ್ತಾರೆ. ಒಂದು ಸಲ ಕೈಕೊಟ್ಟಿತೋ, "ಇಂಗ್ಲಿಷೇ ಇರಲಿ ಬಿಡಿ" ಎನ್ನುತ್ತಾರೆ. ಆಮೇಲೆ ಕಂಪನಿಯವರು "ಕನ್ನಡವನ್ನು ಯಾರೂ ಬಳಸುವುದಿಲ್ಲ" ಎಂದು ಲೆಕ್ಕ ತೋರಿಸುತ್ತಾರೆ.

ಮೊದಲು ಆ ಅರ್ಧ ದಿನದ ಕೆಲಸ. ಜಾವಾದಲ್ಲಿ ಇದಕ್ಕೆ ಬೇಕಾದ ಸಾಮಾನು 1997ರ ಜೆಡಿಕೆ 1.1 ಎಂಬ ಆವೃತ್ತಿಯಿಂದಲೇ ಇದೆ. ಲೊಕೇಲ್ ಎಂಬುದು ಭಾಷೆ ಮತ್ತು ದೇಶದ ಗುರುತು. ರಿಸೋರ್ಸ್ ಬಂಡಲ್ ಎಂಬುದು ಆ ಗುರುತಿಗೆ ಹೊಂದುವ ಮಾತುಗಳ ಗಂಟು. ಪ್ರತಿ ಭಾಷೆಗೆ ಒಂದು ಪ್ರಾಪರ್ಟೀಸ್ ಫೈಲ್. ಎಡಕ್ಕೆ ಕೀ, ಅಂದರೆ ಮಾತನ್ನು ಹುಡುಕುವ ಗುರುತಿನ ಹೆಸರು, ಬಲಕ್ಕೆ ಮಾತು. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟು ಬಳಸುತ್ತಿದ್ದರೆ, ಯಾವ ಭಾಷೆ ಎಂದು ತೀರ್ಮಾನಿಸುವ ಒಂದು ಲೊಕೇಲ್ ರಿಸಾಲ್ವರ್, ಭಾಷೆ ಬದಲಿಸುವ ಕೋರಿಕೆಯನ್ನು ಹಿಡಿಯುವ ಒಂದು ಲೊಕೇಲ್ ಚೇಂಜ್ ಇಂಟರ್‌ಸೆಪ್ಟರ್ ಇಟ್ಟರೆ ವಿಳಾಸದ ಕೊನೆಗೆ ಭಾಷೆಯ ಸಂಕೇತ ಅಂಟಿಸಿದೊಡನೆ ಪುಟದ ಭಾಷೆ ಬದಲಾಗುತ್ತದೆ. ಒಂದು ಎಚ್ಚರ ಬೇಕು. ನೀವು ಏನೂ ಹೇಳದಿದ್ದರೆ ಸ್ಪ್ರಿಂಗ್ ಬ್ರೌಸರ್ ತನ್ನ ಭಾಷೆ ತಿಳಿಸಲು ಕಳಿಸುವ ಹೆಡರ್ ನೋಡುವ ರಿಸಾಲ್ವರ್ ಅನ್ನು ಇಟ್ಟುಕೊಳ್ಳುತ್ತದೆ. ಅದಕ್ಕೆ ಭಾಷೆ ಬದಲಿಸಲು ಹೇಳಿದರೆ ಆಗುವುದಿಲ್ಲವೆಂದು ಎಕ್ಸೆಪ್ಶನ್ ಎಂಬ ದೋಷ ಎಸೆಯುತ್ತದೆ. ಸೆಷನ್ (ಸರ್ವರ್ ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ನೆನಪು) ಅಥವಾ ಕುಕಿ (ಬ್ರೌಸರ್ ಇಟ್ಟುಕೊಳ್ಳುವ ಚೀಟಿ) ಬಳಸುವ ರಿಸಾಲ್ವರ್ ಅನ್ನು ನೀವೇ ಹಾಕಬೇಕು.

ಭಾಷೆಯ ಸಂಕೇತದ ಮಾತು ಬಂತು, ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮ ಗಾಡಿಗಳ ಮೇಲೆ ಕೆಎ ಎಂದು ಬರೆದಿರುತ್ತದೆ. ಧಾರವಾಡಕ್ಕೆ ಕೆಎ 25, ಗದಗಕ್ಕೆ 26, ಹಾವೇರಿಗೆ 27. ದಿನವೂ ನೋಡಿ ನೋಡಿ ಕನ್ನಡ ಎಂದರೆ ಕೆಎ ಎಂದು ಕೈ ತಾನಾಗಿ ಟೈಪ್ ಮಾಡುತ್ತದೆ. ಆದರೆ ಭಾಷೆಗಳ ಸಂಕೇತಗಳಲ್ಲಿ ಕೆಎ ಎಂದರೆ ಜಾರ್ಜಿಯನ್. ಕನ್ನಡಕ್ಕೆ ಕೆಎನ್. ಈ ತಪ್ಪು ಬೇಗ ಸಿಕ್ಕಿಬೀಳುವುದೂ ಇಲ್ಲ. ಫೈಲಿನ ಹೆಸರಿಗೂ ಕೆಎ, ಲೊಕೇಲಿಗೂ ಕೆಎ ಎಂದಿಟ್ಟರೆ ಒಂದಕ್ಕೊಂದು ಹೊಂದಿಕೊಂಡು ಮಾತುಗಳೆಲ್ಲ ಕನ್ನಡದಲ್ಲೇ ಬರುತ್ತವೆ. ತಿಂಗಳಿನ ಹೆಸರು ಮಾತ್ರ ಜಾರ್ಜಿಯನ್ ಲಿಪಿಯಲ್ಲಿ ಬರುತ್ತದೆ, ಏಕೆಂದರೆ ಅದನ್ನು ಕೊಡುವುದು ನಿಮ್ಮ ಫೈಲಲ್ಲ, ಜಾವಾ. ಆ ಲಿಪಿಯೂ ಗುಂಡಗುಂಡಗೆ ಇದೆ. ದೂರದಿಂದ ನೋಡಿದರೆ ಫಾಂಟ್ ಸರಿಯಿಲ್ಲ ಎನಿಸುತ್ತದೆಯೇ ಹೊರತು ಭಾಷೆಯೇ ಬೇರೆ ಎಂದು ಹೊಳೆಯುವುದಿಲ್ಲ. ಇನ್ನು ದೇಶದ ಜಾಗದಲ್ಲಿ ಕೆಎನ್ ಬರೆದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್‌ಗೆ ಹೋಗಿ ಇಳಿಯುತ್ತೀರಿ. ಭಾಷೆ ಕೆಎನ್, ದೇಶ ಐಎನ್. ಇಷ್ಟನ್ನು ಗೋಡೆಗೆ ಅಂಟಿಸಿಕೊಳ್ಳಿ.

ಕೀಗಳ ಬಗ್ಗೆಯೂ ಒಂದು ಮಾತು. ಕೆಲವರು ಇಂಗ್ಲಿಷ್ ವಾಕ್ಯವನ್ನೇ ಕೀ ಮಾಡಿಕೊಳ್ಳುತ್ತಾರೆ. ಓದಲು ಸುಲಭ ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ 2014ರ ನವೆಂಬರ್ 1ರಂದು ಈ ಊರಿನ ಇಂಗ್ಲಿಷ್ ಹೆಸರು ಹುಬ್ಳಿ ಹೋಗಿ ಹುಬ್ಬಳ್ಳಿ ಆಯಿತು. ಇಂಗ್ಲಿಷಿನಲ್ಲಿ ಊರಿನ ಹೆಸರು ತಿದ್ದಿದರೆ ಕೀ ಬದಲಾಯಿತು, ಕೀ ಬದಲಾದರೆ ಕನ್ನಡ ಫೈಲಿನ ಕೊಂಡಿ ಕಳಚಿತು. ಕನ್ನಡದಲ್ಲಿ ಮೊದಲಿನಿಂದಲೂ ಹುಬ್ಬಳ್ಳಿಯೇ ಆಗಿದ್ದ ಊರು, ಇಂಗ್ಲಿಷ್ ತಿದ್ದಿದ್ದಕ್ಕೆ ಕನ್ನಡದ ಪುಟದಿಂದ ಮಾಯವಾಗಬೇಕೇ? ಕೀ ಎಂದರೆ ಗೂಟ. ಗೂಟಕ್ಕೆ ಕಟ್ಟಿದ ದನ ಬದಲಾಗಬಹುದು, ಗೂಟ ಅಲುಗಾಡಬಾರದು.

ಈಗ ಅಕ್ಷರಗಳ ವಿಷಯಕ್ಕೆ ಬರೋಣ. ಹುಬ್ಬಳ್ಳಿ ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು ಎನ್ನುತ್ತೀರಿ, ಶಾಲೆಯಲ್ಲಿ ಕಲಿತದ್ದು ಅದೇ. ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು: ಹಕಾರ, ಉಕಾರದ ಕೊಂಬು, ಬಕಾರ, ವಿರಾಮ, ಮತ್ತೆ ಬಕಾರ, ಹೀಗೆ. ಆ ಸಂಕೇತಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್ 8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್. ಅಲ್ಲಿಗೆ ಇಪ್ಪತ್ತೇಳು ಬೈಟ್. ಜಾವಾ 8ರವರೆಗೆ ಪ್ರಾಪರ್ಟೀಸ್ ಫೈಲುಗಳನ್ನು ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ ಲ್ಯಾಟಿನ್ 1 ಎಂದೇ ಓದಲಾಗುತ್ತಿತ್ತು. ಕನ್ನಡ ಬೇಕಾದರೆ ನೇಟಿವ್ ಟು ಆಸ್ಕಿ ಎಂಬ ಸಲಕರಣೆಯಿಂದ ಪ್ರತಿ ಸಂಕೇತವನ್ನೂ ಆರು ಆರು ಚಿಹ್ನೆಗಳ ಗುಂಪಾಗಿ ಮಾಡಿಕೊಳ್ಳಬೇಕಿತ್ತು. ಹುಬ್ಬಳ್ಳಿ ಎಂದು ಬರೆಯಲು ಐವತ್ತನಾಲ್ಕು ಚಿಹ್ನೆ. ಆ ಫೈಲನ್ನು ಕನ್ನಡ ಮೇಷ್ಟ್ರಿಗೆ ತೋರಿಸಿ ತಿದ್ದಿಕೊಡಿ ಎಂದು ಕೇಳುವ ಧೈರ್ಯ ಯಾರಿಗಿತ್ತು? ನಮ್ಮ ಹಳೆಯ ತಂತ್ರಾಂಶಗಳ ಕನ್ನಡ ಅಷ್ಟೊಂದು ಕೆಟ್ಟದಾಗಿರಲು ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ. 2017ರಲ್ಲಿ ಬಂದ ಜಾವಾ 9 ಈ ಫೈಲುಗಳನ್ನು ಯುಟಿಎಫ್ 8 ಎಂದು ಓದತೊಡಗಿತು, ಆ ಸಲಕರಣೆಯನ್ನೂ ಕೈಬಿಟ್ಟಿತು. ಸ್ಪ್ರಿಂಗ್‌ನಲ್ಲಾದರೆ ಎನ್‌ಕೋಡಿಂಗ್ ಯಾವುದೆಂದು ನೀವೇ ಬರೆದಿಡಿ, ಅದರ ಊಹೆಗೆ ಬಿಡಬೇಡಿ.

ಪರದೆಯ ಮೇಲೆ ಅಕ್ಷರ ಕೆಟ್ಟು ಬಂದಾಗ ಎರಡು ಬಗೆಯ ಕೆಡುಕಿದೆ, ಬೇರ್ಪಡಿಸಿ ನೋಡಿ. ಹುಬ್ಬಳ್ಳಿಯ ಜಾಗದಲ್ಲಿ ತಲೆಗೆ ಗೆರೆ ಎಳೆದ ಯುರೋಪಿನ ಅಕ್ಷರಗಳು ಉದ್ದಕ್ಕೆ ಬಂದರೆ ಗಾಬರಿ ಬೇಡ. ಬೈಟ್‌ಗಳು ಸರಿಯಾಗಿಯೇ ಇವೆ, ಓದುವವರು ತಪ್ಪು ಕನ್ನಡಕ ಹಾಕಿಕೊಂಡಿದ್ದಾರೆ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಮಾತ್ರ ಗಾಬರಿಯಾಗಿ. ಅಲ್ಲಿ ಅಕ್ಷರ ಸತ್ತಿದೆ, ಮರಳಿ ಬರುವುದಿಲ್ಲ. ಅದು ಡೇಟಾಬೇಸಿಗೆ ಸೇರಿದ್ದರೆ ಆ ರೈತರ ಹೆಸರನ್ನು ಮತ್ತೊಮ್ಮೆ ಕೇಳಿಯೇ ಬರೆದುಕೊಳ್ಳಬೇಕು.

ಮುಂದಿನ ತಪ್ಪು ನನ್ನದೇ. ಬ್ಯಾಡಗಿಯ ಅಂಗಡಿ ನೋಡಿ ಗದಗದ ಒಬ್ಬ ಶೇಂಗಾ ವ್ಯಾಪಾರಿ, ಹುಬ್ಬಳ್ಳಿಯ ಅಮರಗೋಳದ ಒಬ್ಬ ಈರುಳ್ಳಿ ವ್ಯಾಪಾರಿ ಇದೇ ತಂತ್ರಾಂಶ ಕೇಳಿದರು. ಮೂರೂ ಅಂಗಡಿಗಳು ಒಂದೇ ಸರ್ವರ್‌ನಲ್ಲಿ. ಒಂದು ದಿನ ಗದಗದಿಂದ ಫೋನ್: "ಪರದೆ ತಾನೇ ಇಂಗ್ಲಿಷ್ ಆಗುತ್ತದೆ, ಮತ್ತೆ ತಾನೇ ಕನ್ನಡ ಆಗುತ್ತದೆ. ಒಳಗೆ ಏನಾದರೂ ಹೊಕ್ಕಿದೆಯೇ?" ಹೊಕ್ಕಿದ್ದು ನಾನು ಬರೆದ ಒಂದು ಸಾಲು. ಭಾಷೆಯ ಗುಂಡಿ ಒತ್ತಿದಾಗ ಲೊಕೇಲ್‌ನ ಸೆಟ್ ಡಿಫಾಲ್ಟ್ ಅನ್ನು ಕರೆದಿದ್ದೆ. ಅದು ಒಬ್ಬರ ಭಾಷೆಯಲ್ಲ, ಇಡೀ ಜಾವಾ ಯಂತ್ರದ ಭಾಷೆ. ಅಮರಗೋಳದಲ್ಲಿ ಗುಂಡಿ ಒತ್ತಿದರೆ ಗದಗದಲ್ಲಿ ಪರದೆ ಬದಲಾಗುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಬಳಸುವವನು ನಾನೊಬ್ಬನೇ ಆದ್ದರಿಂದ ಎಲ್ಲವೂ ಚೆನ್ನಾಗಿತ್ತು. ನಿಮ್ಮಲ್ಲಿ ಯಾರಾದರೂ ಡೆಸ್ಕ್‌ಟಾಪ್ ಪ್ರೋಗ್ರಾಮಿನ ಪಾಠದಿಂದ ಆ ಸಾಲನ್ನು ನಕಲು ಮಾಡಿಕೊಂಡಿದ್ದರೆ ಇವತ್ತೇ ತೆಗೆಯಿರಿ.

ಭಾಷೆ ಹಾಗಾದರೆ ಎಲ್ಲಿರಬೇಕು? ಸೆಷನ್‌ನಲ್ಲಿ ಇಟ್ಟರೆ, ಜಾವಾ ವೆಬ್ ತಂತ್ರಾಂಶ ಓಡಿಸುವ ಟಾಮ್‌ಕ್ಯಾಟ್‌ನಲ್ಲಿ ಸಾಮಾನ್ಯವಾಗಿ ಮೂವತ್ತು ನಿಮಿಷ ಸುಮ್ಮನಿದ್ದರೆ ಹೋಗುತ್ತದೆ. ಗುಮಾಸ್ತರು ಊಟಕ್ಕೆ ಹೋಗಿ ಒಂದು ಕವಳ ಹಾಕಿಕೊಂಡು ಬರುವಷ್ಟರಲ್ಲಿ ಪುಟ ಇಂಗ್ಲಿಷ್ ಆಗಿರುತ್ತದೆ. ಕುಕಿಯಲ್ಲಿ ಇಟ್ಟರೆ ಅದು ಕಂಪ್ಯೂಟರಿನ ಭಾಷೆ, ಮನುಷ್ಯರದಲ್ಲ. ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಬೆಳಗ್ಗೆ ಸಾಹುಕಾರರು, ಮಧ್ಯಾಹ್ನ ಗುಮಾಸ್ತರು, ಸಂಜೆ ಲೆಕ್ಕಪತ್ರದವರು. ಬ್ರೌಸರಿನ ಹೆಡರ್ ನಂಬೋಣವೆಂದರೆ, ನಮ್ಮ ಕಡೆ ಬ್ರೌಸರಿನ ಭಾಷೆಯನ್ನು ಯಾರು ಬದಲಿಸುತ್ತಾರೆ? ಕಂಪ್ಯೂಟರ್ ಅಂಗಡಿಯವನು ಹಾಕಿಕೊಟ್ಟ ಇಂಗ್ಲಿಷೇ ಉಳಿದಿರುತ್ತದೆ. ಹೆಡರ್ ಹೇಳುವುದು ಯಂತ್ರ ಮಾರಿದವನ ಭಾಷೆ. ಆದ್ದರಿಂದ ಲಾಗಿನ್ ಆದವರಿಗೆ ಅವರ ಖಾತೆಯಲ್ಲಿ ಬರೆದಿಟ್ಟ ಭಾಷೆ, ಅದಿಲ್ಲದಿದ್ದರೆ ಕುಕಿ, ಅದೂ ಇಲ್ಲದಿದ್ದರೆ ಹೆಡರ್, ಯಾವುದೂ ಇಲ್ಲದಿದ್ದರೆ ಕನ್ನಡ. ಹುಬ್ಬಳ್ಳಿಯಲ್ಲಿ ಕೂತು ಬರೆದ ತಂತ್ರಾಂಶದ ಕೊನೆಯ ಆಸರೆ ಇಂಗ್ಲಿಷ್ ಏಕೆ ಆಗಿರಬೇಕು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ವಿಳಾಸದಲ್ಲಿ ಬಂದ ಸಂಕೇತವನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ, ನಿಮ್ಮಲ್ಲಿರುವ ಭಾಷೆಗಳ ಪಟ್ಟಿಯಲ್ಲಿದ್ದರೆ ಮಾತ್ರ ತೆಗೆದುಕೊಳ್ಳಿ.

ಕೊನೆಯ ಆಸರೆ ಎಂದೆನಲ್ಲ, ಅಲ್ಲಿ ಒಂದು ಹಳ್ಳವಿದೆ. ನಾವು ಇಂಗ್ಲಿಷ್ ಮಾತುಗಳನ್ನು ಯಾವ ಸಂಕೇತವೂ ಇಲ್ಲದ ಮೂಲ ಫೈಲಿನಲ್ಲಿ ಇಟ್ಟು, ಕನ್ನಡಕ್ಕೆ ಮಾತ್ರ ಬೇರೆ ಫೈಲ್ ಮಾಡಿದ್ದೆವು. ಒಬ್ಬ ಗ್ರಾಹಕರ ವಿಂಡೋಸ್ ಕನ್ನಡದಲ್ಲಿತ್ತು, ತಂತ್ರಾಂಶ ಅವರ ಯಂತ್ರದಲ್ಲೇ ಓಡುತ್ತಿತ್ತು. ಅಲ್ಲಿ ಇಂಗ್ಲಿಷ್ ಗುಂಡಿ ಕೆಲಸವನ್ನೇ ಮಾಡಲಿಲ್ಲ, ಎಷ್ಟು ಒತ್ತಿದರೂ ಕನ್ನಡ. ರಿಸೋರ್ಸ್ ಬಂಡಲ್ ಮೊದಲು ಕೇಳಿದ ಭಾಷೆಯ ಫೈಲ್ ಹುಡುಕುತ್ತದೆ. ಸಿಗದಿದ್ದರೆ ಯಂತ್ರದ ಭಾಷೆಯ ಫೈಲ್ ಹುಡುಕುತ್ತದೆ. ಅದೂ ಇಲ್ಲದಿದ್ದರೆ ಮಾತ್ರ ಮೂಲ ಫೈಲಿಗೆ ಬರುತ್ತದೆ. ಇಂಗ್ಲಿಷಿನ ಸಂಕೇತ ಹೊತ್ತ ಫೈಲ್ ಇರಲಿಲ್ಲ, ಯಂತ್ರದ ಭಾಷೆ ಕನ್ನಡ, ಅದರ ಫೈಲ್ ಸಿಕ್ಕಿತು. ಇಂಗ್ಲಿಷಿನ ಹೆಸರಿನಲ್ಲಿ ಒಂದು ಖಾಲಿ ಫೈಲ್ ಇಟ್ಟರೂ ಸಾಕು, ಗೊಂದಲ ನಿಲ್ಲುತ್ತದೆ. ಸ್ಪ್ರಿಂಗ್‌ನಲ್ಲಿ ಯಂತ್ರದ ಭಾಷೆಗೆ ಹೋಗಬೇಡ ಎಂದು ಹೇಳುವ ಸೌಲಭ್ಯವಿದೆ, ಅದನ್ನು ಬಳಸಿ. ಕನ್ನಡ ಗೆದ್ದ ತಪ್ಪು ಇದೊಂದೇ ಆದ್ದರಿಂದ ಸರಿಪಡಿಸುವಾಗ ನನಗೆ ಸ್ವಲ್ಪ ಬೇಸರವೂ ಆಯಿತು.

ಕ್ಯಾಶ್‌ನ ಕಥೆ ಬೇಗ ಮುಗಿಸುತ್ತೇನೆ. ಹುಟ್ಟುವಳಿಗಳ ಪಟ್ಟಿಯನ್ನು ಪದೇ ಪದೇ ಡೇಟಾಬೇಸಿನಿಂದ ತರುವುದೇಕೆ ಎಂದು ಒಮ್ಮೆ ತಂದು ನೆನಪಿನಲ್ಲಿ ಇಟ್ಟೆವು. ದಿನವೂ ಬೆಳಗ್ಗೆ ಸರ್ವರ್ ಮರುಪ್ರಾರಂಭ. ಮೊದಲು ಒಳಗೆ ಬಂದವರು ಯಾವ ಭಾಷೆಯವರೋ ದಿನವಿಡೀ ಎಲ್ಲರಿಗೂ ಆ ಪಟ್ಟಿ ಅದೇ ಭಾಷೆಯಲ್ಲಿ. ಕ್ಯಾಶ್‌ನ ಕೀಯಲ್ಲಿ ಭಾಷೆಯೂ ಇರಬೇಕು. ನಿಮ್ಮ ಮತ್ತು ಬ್ರೌಸರಿನ ನಡುವೆ ಪುಟಗಳನ್ನು ನೆನಪಿಟ್ಟು ಹಂಚುವ ಪ್ರಾಕ್ಸಿ ಇದ್ದರೆ ಇದೇ ಕಾಟ ಅಲ್ಲಿಯೂ ಇದೆ. ಸಾರ್ವಜನಿಕ ಪುಟಗಳಿಗೆ ವಿಳಾಸದಲ್ಲೇ ಭಾಷೆ ಇಟ್ಟುಬಿಡುವುದು ನೆಮ್ಮದಿ.

ಈಗ ಆ ಮೂವತ್ತೆಂಟು ಸಾಲುಗಳಿಗೆ ಮರಳೋಣ. ನಮ್ಮ ಗುಂಡಿ ಒಂದು ಸಾದಾ ಲಿಂಕ್ ಆಗಿತ್ತು. ಲಿಂಕ್ ಒತ್ತಿದರೆ ಬ್ರೌಸರ್ ಹೊಸ ಪುಟ ತರುತ್ತದೆ, ತುಂಬಿದ್ದು ಹೋಗುತ್ತದೆ. ಜೆಎಸ್‌ಎಫ್ ಎಂಬ ಇನ್ನೊಂದು ಜಾವಾ ಚೌಕಟ್ಟು ಬಳಸುವವರು ಗುಂಡಿಯನ್ನು ಫಾರ್ಮ್ ಒಳಗೇ ಇಟ್ಟು ವ್ಯೂ ರೂಟ್‌ನ ಲೊಕೇಲ್ ಬದಲಿಸಬಹುದು, ತುಂಬಿದ್ದೂ ಜೊತೆಗೆ ಹೋಗಿ ಬರುತ್ತದೆ. ಆದರೆ ರೀಡೈರೆಕ್ಟ್ ಆದ ಮುಂದಿನ ಪುಟದಲ್ಲಿ ಅದಕ್ಕೆ ಮರೆವು ಬರುತ್ತದೆ. ನಾವು ಹಿಡಿದದ್ದು ಬೇರೆ ದಾರಿ. ಪುಟದ ಪ್ರತಿ ತಲೆಬರಹಕ್ಕೆ, ಗುಂಡಿಗೆ ಅದರ ಕೀಯನ್ನು ಡೇಟಾ ಆಟ್ರಿಬ್ಯೂಟ್ ಎಂಬ ಕಣ್ಣಿಗೆ ಕಾಣದ ಚೀಟಿಯಾಗಿ ಅಂಟಿಸಿದೆವು. ಭಾಷೆ ಬದಲಿಸಿದಾಗ ಪುಟ ಅಲ್ಲೇ ಇರುತ್ತದೆ. ಜಾವಾಸ್ಕ್ರಿಪ್ಟ್ ಸರ್ವರಿಗೆ ಹೋಗಿ ಆ ಪುಟದ ಮಾತುಗಳನ್ನೆಲ್ಲ ಒಂದೇ ಗಂಟಿನಲ್ಲಿ ಜೇಸನ್ ರೂಪದಲ್ಲಿ ತರುತ್ತದೆ. ಅದೇ ರಿಸೋರ್ಸ್ ಬಂಡಲ್‌ನಿಂದಲೇ ಕೊಡುತ್ತೇವೆ, ಎರಡು ಕಡೆ ಬರೆದಿಡುವುದಿಲ್ಲ. ತಲೆಬರಹ ಬದಲಾಗುತ್ತದೆ, ತುಂಬಿದ ಅಂಕಿಗಳನ್ನು ಯಾರೂ ಮುಟ್ಟುವುದಿಲ್ಲ.

ಇಷ್ಟು ಮಾಡಿ ನಾವು ಖುಷಿಯಿಂದ ಚಹಾ ಕುಡಿಯಲು ಹೋದೆವು. ಬಂದು ನೋಡಿದರೆ ಈ ಪುಟ ಕನ್ನಡ, ಮುಂದಿನ ಪುಟ ಇಂಗ್ಲಿಷ್. ಪರದೆ ಬದಲಿಸಿದ್ದೆವು, ಸರ್ವರಿಗೆ ತಿಳಿಸಿರಲಿಲ್ಲ. ಎರಡೂ ಕೆಲಸ ಒಟ್ಟಿಗೆ ಆಗಬೇಕು. ಆಮೇಲೆ ಪುಟದ ಶೀರ್ಷಿಕೆ, ಖಾಲಿ ಪೆಟ್ಟಿಗೆಯೊಳಗಿನ ಮಸುಕಾದ ಸೂಚನೆ, ಎಚ್‌ಟಿಎಂಎಲ್‌ನ ಲ್ಯಾಂಗ್ ಗುರುತು. ಈ ಕೊನೆಯದನ್ನು ಮರೆತರೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ತೊದಲುತ್ತದೆ. ಉರ್ದು ಸೇರಿಸುವವರು ಬರೆಯುವ ದಿಕ್ಕನ್ನೂ ಬಲದಿಂದ ಎಡಕ್ಕೆ ತಿರುಗಿಸಬೇಕು. ಹುಬ್ಬಳ್ಳಿಯಲ್ಲಿ ಆ ಬೇಡಿಕೆ ಬಂದೇ ಬರುತ್ತದೆ. ಇನ್ನು ಪರದೆಯ ಮೇಲೆ ಆಗಲೇ ಕೂತಿರುವ ದೋಷದ ಸಂದೇಶ. ಅದು ಹಳೆಯ ಭಾಷೆಯಲ್ಲೇ ಉಳಿದುಬಿಡುತ್ತದೆ, ಏಕೆಂದರೆ ನೀವು ಕೈಯಲ್ಲಿ ಹಿಡಿದಿರುವುದು ಸಿದ್ಧವಾದ ವಾಕ್ಯ. ವಾಕ್ಯವನ್ನು ಇಟ್ಟುಕೊಳ್ಳಬೇಡಿ, ಕೀಯನ್ನು ಮತ್ತು ಅದರೊಳಗೆ ತುಂಬಬೇಕಾದ ಹೆಸರು, ಅಂಕಿಗಳನ್ನು ಇಟ್ಟುಕೊಳ್ಳಿ. ತೋರಿಸುವ ಕ್ಷಣದಲ್ಲಿ ವಾಕ್ಯ ಮಾಡಿ. ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಗೂ ಇದೇ ಮಾತು.

ಒಳಗೆ ತುಂಬುವ ಮಾತು ಬಂದದ್ದರಿಂದ ನಾನು ತುಂಬ ಹೊತ್ತು ನಿಲ್ಲಲು ಇಷ್ಟಪಡುವ ಜಾಗಕ್ಕೆ ಬಂದೆವು. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಮುಂದೆ ಒಂದು ಪುಟ್ಟ ಪದ ಇಟ್ಟರೆ ಮುಗಿಯಿತು, ಊರು ಯಾವುದಾದರೂ ಆ ಪದ ಬದಲಾಗದು. ಅದನ್ನು ನೋಡಿ ಕನ್ನಡದ ಫೈಲಿನಲ್ಲಿ ಹೆಸರು ಬಂದು ಕೂರುವ ಜಾಗದ ಗುರುತಾದ ಸೊನ್ನೆಯ ಆವರಣಕ್ಕೆ "ಗೆ" ಅಂಟಿಸಿದೆವು. ಹುಬ್ಬಳ್ಳಿಗೆ ಬಂತು, ಹಾವೇರಿಗೆ ಬಂತು, ಪರೀಕ್ಷೆ ಪಾಸಾಯಿತು. ಆಮೇಲೆ "ಧಾರವಾಡಗೆ ಕಳಿಸಲಾಗಿದೆ", "ಬೆಂಗಳೂರುಗೆ ಕಳಿಸಲಾಗಿದೆ" ಎಂದು ಬರತೊಡಗಿತು. ಅಕಾರದಲ್ಲಿ ಮುಗಿದರೆ ಕ್ಕೆ, ಇಕಾರದಲ್ಲಿ ಮುಗಿದರೆ ಗೆ, ಉಕಾರದಲ್ಲಿ ಮುಗಿದರೆ ಆ ಉಕಾರ ಹೋಗಿ ಇಗೆ. ಎರಡು ವರ್ಷದ ಕೂಸಿಗೂ ಗೊತ್ತಿರುವ ಈ ವ್ಯಾಕರಣ ವಾಕ್ಯದೊಳಗೆ ಹೆಸರು ತುಂಬುವ ಜಾವಾದ ಮೆಸೇಜ್ ಫಾರ್ಮ್ಯಾಟ್‌ಗೆ ಗೊತ್ತಿಲ್ಲ. ರೈಲು ನಿಲ್ದಾಣದ ಘೋಷಣೆಯಲ್ಲಿ ಊರಿನ ಹೆಸರು ಒಂದು ಉಸಿರಿನಲ್ಲಿ, ಪ್ರತ್ಯಯ ಇನ್ನೊಂದು ಉಸಿರಿನಲ್ಲಿ ಬರುವುದನ್ನು ಕೇಳಿದ್ದೀರಲ್ಲ, ಅದೇ ಕಾಯಿಲೆ.

ನಮ್ಮ ತಂಡದ ಒಬ್ಬ ಹುಡುಗ ಎಲ್ಲ ವಿಭಕ್ತಿಗಳಿಗೂ ಜಾವಾದಲ್ಲಿ ನಿಯಮ ಬರೆಯುತ್ತೇನೆ ಎಂದು ಹೊರಟ. ಊರುಗಳಿಗೆ ಬರೆದ. ಜನರ ಹೆಸರಿಗೆ ಬಂದಾಗ ಸೋತ. ಬಸವರಾಜನಿಗೆ, ಗೌರಮ್ಮನಿಗೆ, ಮೆಹಬೂಬನಿಗೆ ಎಂದೆಲ್ಲ ಮಾಡಿದ ಮೇಲೆ ಸಾಹುಕಾರರು ನೋಡಿ, "ನಮ್ಮ ರೈತರಿಗೆ ಹೀಗೆ ಏಕವಚನದಲ್ಲಿ ಪಟ್ಟಿ ಕೊಡುವುದೇ?" ಎಂದು ಸಿಟ್ಟಾದರು. ಆ ಸಿಟ್ಟಿನಲ್ಲೇ ಉತ್ತರ ಸಿಕ್ಕಿತು. ಹೆಸರಿನ ಮುಂದೆ "ಅವರು" ಸೇರಿಸಿದರೆ ವಿಭಕ್ತಿಯೆಲ್ಲ ಅದರ ಮೈಮೇಲೆ ಬೀಳುತ್ತದೆ. ಬಸವರಾಜ ಅವರಿಗೆ, ಗೌರಮ್ಮ ಅವರಿಗೆ, ಮೆಹಬೂಬ್ ಅವರಿಗೆ. ಹೆಸರು ಯಾವ ಅಕ್ಷರದಲ್ಲಿ ಮುಗಿದರೂ ಚಿಂತೆಯಿಲ್ಲ. ಪ್ರೋಗ್ರಾಮರ್‌ಗಳ ತಲೆನೋವಿಗೆ ಕನ್ನಡದ ಮರ್ಯಾದೆಯೇ ಮದ್ದಾಯಿತು! ಊರುಗಳಿಗೆ "ತಲುಪುವ ಊರು" ಎಂದು ಬರೆದು ಪಕ್ಕದಲ್ಲಿ ಹೆಸರು ಇಟ್ಟೆವು. ವಾಕ್ಯ ಬೇಕೇ ಬೇಕು ಎನ್ನುವ ಕಡೆ ಊರಿನ ದಾಖಲೆಯಲ್ಲೇ "ಧಾರವಾಡಕ್ಕೆ", "ಧಾರವಾಡದಿಂದ" ಎಂಬ ರೂಪಗಳನ್ನು ಬರೆದಿಟ್ಟೆವು. ನಮ್ಮ ವ್ಯಾಪಾರದ ಊರುಗಳು ನೂರು ದಾಟುವುದಿಲ್ಲ, ಒಂದು ಮಧ್ಯಾಹ್ನದ ಕೆಲಸ.

ವಾಕ್ಯವನ್ನು ಮಾತ್ರ ಎಂದೂ ತುಂಡು ಮಾಡಿ ಜೋಡಿಸಬೇಡಿ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ, ನಮ್ಮಲ್ಲಿ ಕೊನೆಗೆ. ಜಾವಾ ಕೋಡಿನಲ್ಲಿ ಕೂಡಿಸುವ ಚಿಹ್ನೆ ಹಾಕಿ ಮೂರು ತುಂಡು ಸೇರಿಸಿದರೆ ಕನ್ನಡಕ್ಕೆ ಬಂದಾಗ ಕಾಲು ತಲೆಯ ಮೇಲಿರುತ್ತದೆ. ಏಕವಚನ ಬಹುವಚನವೂ ಹಾಗೆಯೇ. ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ಭಾಷಾಮಾಹಿತಿಯಲ್ಲಿ ಕನ್ನಡದ ಸೊನ್ನೆಯೂ ಒಂದೂ ಒಂದೇ ಗುಂಪಿನಲ್ಲಿವೆ, ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಕಡೆ ಹೋಗುತ್ತದೆ. ಒಂದಕ್ಕೆ ಸಮವಲ್ಲದಿದ್ದರೆ "ಗಳು" ಹಚ್ಚು ಎಂಬ ನಿಯಮವನ್ನು ಕೋಡಿನಲ್ಲಿ ಬರೆಯದೆ ಐಸಿಯು4ಜೆ ಎಂಬ ಸಿದ್ಧ ಕೋಡಿನ ಗ್ರಂಥಾಲಯಕ್ಕೆ ಬಿಡಿ. ಅದೂ ಎಲ್ಲವನ್ನೂ ಬಲ್ಲದು ಎಂದಲ್ಲ. ನಾವು ಐದು ಚೀಲ ಎನ್ನುತ್ತೇವೆ, ಐದು ಚೀಲಗಳು ಎಂದರೆ ಅಂಗಡಿಯಲ್ಲಿ ನಗುತ್ತಾರೆ. ಅದನ್ನು ಫೈಲ್ ಬರೆಯುವವರ ಕಿವಿಯೇ ತೀರ್ಮಾನಿಸಬೇಕು.

ಕಿವಿ ಎಂದೆ. ನಮ್ಮ ಮೊದಲ ಕನ್ನಡ ಫೈಲನ್ನು ಮಾರುಕಟ್ಟೆ ನೋಡದವರೊಬ್ಬರಿಂದ ಬರೆಸಿದ್ದೆವು. ಆವಕ ಎಂಬ ಜಾಗದಲ್ಲಿ "ಆಗಮನ" ಎಂದಿತ್ತು, ಮೆಣಸಿನಕಾಯಿಗೆ ಹಾರ ಹಾಕಿ ಸ್ವಾಗತಿಸಬೇಕೇನೋ ಎನ್ನುವ ಹಾಗೆ. ಪಾರ್ಟಿ ಎಂದರೆ ವ್ಯಾಪಾರದಲ್ಲಿ ಖರೀದಿದಾರ. ಅಲ್ಲಿ "ಪಕ್ಷ" ಎಂದಿತ್ತು. "ಪಕ್ಷದ ಬಾಕಿ" ಎಂಬ ಪುಟವನ್ನು ಚುನಾವಣೆಯ ಕಾಲದಲ್ಲಿ ಅಂಗಡಿಯವರು ಬಂದವರಿಗೆಲ್ಲ ತೋರಿಸಿ ನಕ್ಕರು. ಉಲ್ಟಾ ತಪ್ಪೂ ಆಯಿತು. ಡಬ್ಬಿ ಎಂಬ ಮೆಣಸಿನಕಾಯಿಯ ಜಾತಿ ಇಂಗ್ಲಿಷಿನಲ್ಲಿ ಪೆಟ್ಟಿಗೆಯಾಗಿತ್ತು. ಗುಂಡಿಗಳಲ್ಲಿ ಒಂದು ಕಡೆ "ಉಳಿಸು", ಇನ್ನೊಂದು ಕಡೆ "ಅಳಿಸಿ". ಮನುಷ್ಯ ಯಂತ್ರಕ್ಕೆ ಹೇಳುತ್ತಾನೋ, ಯಂತ್ರ ಮನುಷ್ಯರನ್ನು ಕೇಳಿಕೊಳ್ಳುತ್ತದೋ ಮೊದಲು ತೀರ್ಮಾನಿಸಿ. ನಾನು "ಉಳಿಸಿ" ಕಡೆಯವನು. "ಉಳಿಸು" ಕಡೆಯವರೊಂದಿಗೆ ಜಗಳವಿಲ್ಲ, ಎರಡನ್ನೂ ಒಂದೇ ಪುಟದಲ್ಲಿ ಇಡಬೇಡಿ. ಕೊನೆಗೆ ನಾವು ಆ ಗುಮಾಸ್ತರನ್ನೇ ಕೂರಿಸಿಕೊಂಡು ಫೈಲ್ ತಿದ್ದಿಸಿದೆವು. ಮಾತುಗಳನ್ನು ಸರ್ವರ್ ನಿಲ್ಲಿಸದೆ ಮತ್ತೆ ಓದಿಕೊಳ್ಳುವ ಸೌಲಭ್ಯ ಸ್ಪ್ರಿಂಗ್‌ನಲ್ಲಿದೆ, ರೀಲೋಡಬಲ್ ಎಂಬ ಹೆಸರಿನದು. ಅವರು ಹೇಳುತ್ತಿದ್ದರು, ನಾನು ಟೈಪಿಸುತ್ತಿದ್ದೆ, ಎದುರಿನ ಪರದೆಯಲ್ಲಿ ಪದ ಬದಲಾಗುತ್ತಿತ್ತು. ಅವರೇ ಕಂಡುಹಿಡಿದದ್ದು ಇನ್ನೊಂದು: ಇಂಗ್ಲಿಷಿನ ಅಳತೆಗೆ ಮಾಡಿದ ಗುಂಡಿಯಲ್ಲಿ ಒತ್ತಕ್ಷರ ಕತ್ತರಿಸಿ ಹೋಗಿ "ಒಟ್ಟು" ಎಂಬುದು "ಒಟು" ಆಗಿತ್ತು. ಸಾಲಿನ ಎತ್ತರ ಹೆಚ್ಚಿಸಿದೆವು.

ಪರದೆಯ ಹೊರಗೂ ಭಾಷೆ ಹೋಗುತ್ತದೆ. ರಾತ್ರಿ ಎಂಟಕ್ಕೆ ರೈತರಿಗೆ ಎಸ್‌ಎಂಎಸ್ ಕಳಿಸುವ ಕೆಲಸ ತಾನಾಗಿ ನಡೆಯುತ್ತದೆ. ಅಲ್ಲಿ ಬ್ರೌಸರೂ ಇಲ್ಲ, ಸೆಷನ್ನೂ ಇಲ್ಲ. ಸ್ಪ್ರಿಂಗ್ ಭಾಷೆಯನ್ನು ಕೆಲಸ ಓಡುವ ಎಳೆಗೆ, ಅಂದರೆ ಆಯಾ ಥ್ರೆಡ್‌ಗೆ ಕಟ್ಟಿರುತ್ತದೆ, ಬೇರೆ ಥ್ರೆಡ್‌ಗೆ ಹೋದರೆ ಕಟ್ಟು ಬಿಚ್ಚುತ್ತದೆ. ಹೀಗಾಗಿ ಎಲ್ಲರಿಗೂ ಸರ್ವರಿನ ಭಾಷೆಯಲ್ಲಿ ಇಂಗ್ಲಿಷ್ ಸಂದೇಶ ಹೋಯಿತು. ರೈತರ ದಾಖಲೆಯಿಂದ ಭಾಷೆ ತೆಗೆದು ಕೈಯಾರೆ ಕೊಡಬೇಕು. ಖರ್ಚಿನ ಲೆಕ್ಕವೂ ಇದೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡವಾದರೆ 70 ಸಂಕೇತ. ಆ ಎಪ್ಪತ್ತರಲ್ಲಿ ಹುಬ್ಬಳ್ಳಿ ಒಂದೇ ಒಂಬತ್ತು ನುಂಗುತ್ತದೆ. ಕನ್ನಡದ ಸಂದೇಶವನ್ನು ಇಂಗ್ಲಿಷಿನಿಂದ ಅನುವಾದಿಸದೆ ಬೇರೆಯಾಗಿ, ಚುಟುಕಾಗಿ ಬರೆಯಿರಿ.

ಕೊನೆಯದಾಗಿ ಅಂಕಿಗಳು. ಜಾವಾದ ಸ್ವಂತ ಡೆಸಿಮಲ್ ಫಾರ್ಮ್ಯಾಟ್‌ಗೆ ಲಕ್ಷದ ಅಲ್ಪವಿರಾಮ ಬರುವುದಿಲ್ಲ. ಹನ್ನೆರಡು ಲಕ್ಷದ ಮೊತ್ತವನ್ನು ಮೂರು ಮೂರು ಅಂಕಿಗೆ ಕತ್ತರಿಸಿ 1,234,567 ಎಂದು ಬರೆಯುತ್ತದೆ. 12,34,567 ಬೇಕಾದರೆ ಆಗಲೇ ಹೇಳಿದ ಐಸಿಯು4ಜೆ. ಅದನ್ನು ಮಾಡಿಟ್ಟ ಮೇಲೆ ಸಾಹುಕಾರರು ಕರೆದು, "ತಮ್ಮಾ, ಪಟ್ಟಿ ಕನ್ನಡದಲ್ಲಿದೆ, ಅಂಕಿ ಮಾತ್ರ ಯಾಕೆ ಇಂಗ್ಲಿಷಿನಲ್ಲಿವೆ?" ಎಂದು ಕೇಳಿದರು. ಲೊಕೇಲ್‌ನ ಬಾಲಕ್ಕೆ ಕನ್ನಡ ಅಂಕಿ ಬೇಕೆಂಬ ಗುರುತು ಹಚ್ಚಿದರೆ ಐಸಿಯು4ಜೆ ಅದನ್ನೂ ಕೊಡುತ್ತದೆ. ಪಟ್ಟಿಯಲ್ಲಿ ೧೨,೩೪,೫೬೭ ಎಂದು ಬಂದಾಗ ಅವರ ಮುಖ ಅರಳಿತು. ಗುಮಾಸ್ತರು ತಮ್ಮ ಪರದೆಗೆ ಅದು ಬೇಡವೆಂದರು, ಅವರ ಕೈಗೆ ಇಂಗ್ಲಿಷ್ ಅಂಕಿಗಳೇ ರೂಢಿ. ಭಾಷೆಗೊಂದು, ಅಂಕಿಗೊಂದು ಬೇರೆ ಬೇರೆ ಆಯ್ಕೆ ಮಾಡಿಕೊಟ್ಟೆವು.

ಮರುದಿನ ಸಾಹುಕಾರರು ತಾವೇ ಕೀಲಿಮಣೆ ಮುಂದೆ ಕೂತು ಕನ್ನಡದ ಅಂಕಿಯಲ್ಲಿ ಲೆಕ್ಕ ತುಂಬಿದರು. ಚೀಲ ೧೨. ತೂಕ ೪೨೩.೫. ಚೀಲವನ್ನು ತಂತ್ರಾಂಶ ಒಪ್ಪಿತು, ತೂಕವನ್ನು ಒಪ್ಪಲಿಲ್ಲ. ಜಾವಾದ ಪೂರ್ಣಾಂಕ ಓದುವ ಪಾರ್ಸ್ ಇಂಟ್‌ಗೆ ಕನ್ನಡ ಅಂಕಿ ಓದಲು ಬರುತ್ತದೆ, ದಶಮಾಂಶ ಓದುವ ಪಾರ್ಸ್ ಡಬಲ್‌ಗೆ ಬರುವುದಿಲ್ಲ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ, ಅಚ್ಚುಕಟ್ಟಾದ ಕನ್ನಡದಲ್ಲಿ ಸಂದೇಶ ಬಂತು: "ದಯವಿಟ್ಟು ಅಂಕಿಗಳನ್ನು ಮಾತ್ರ ಬರೆಯಿರಿ." ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಇವು ಏನು, ತಮ್ಮಾ?" ಎಂದರು.

ಅವತ್ತೇ ಪಾರ್ಸ್ ಡಬಲ್ ತೆಗೆದು ಬಿಗ್ ಡೆಸಿಮಲ್ ಹಾಕಿದೆ. ಅದಕ್ಕೆ ಎರಡೂ ಅಂಕಿಗಳು ಓದಲು ಬರುತ್ತವೆ.